ಜೋಯಲ್ ಬಾರ್ಲೋ: ಮೆಕ್ಕೆಜೋಳದ ಹಿಟ್ಟಿನ ಮೇಲೆ ಪದ್ಯ ಬರೆದ ರಾಯಭಾರಿ – ಪದೇ ಪದೇ ಕೇಳುವ ಪ್ರಶ್ನೆಗಳು

ಯಾರು ಈ ಜೋಯಲ್ ಬಾರ್ಲೋ? ಹೆಸರೇ ಕೇಳಿಲ್ಲವಲ್ಲ.

ಕೇಳಿರದಿದ್ದರೆ ಬೇಸರ ಬೇಡ. ಅಮೆರಿಕದವರೇ ಎಷ್ಟೋ ಜನ ಕೇಳಿಲ್ಲ. ಅಮೆರಿಕ ಇನ್ನೂ ಒಂದು ದೇಶವೇ ಆಗಿರದ ಕಾಲದಲ್ಲಿ, 1754ರ ಮಾರ್ಚ್ 24ರಂದು, ಕನೆಕ್ಟಿಕಟ್‌ನ ರೆಡ್ಡಿಂಗ್ ಎಂಬ ಊರಿನ ರೈತರ ಮನೆಯಲ್ಲಿ ಹುಟ್ಟಿದ. 1812ರ ಡಿಸೆಂಬರ್ 26ರಂದು ಪೋಲೆಂಡಿನ ಒಂದು ಸಣ್ಣ ಊರಿನಲ್ಲಿ ನ್ಯುಮೋನಿಯಾ ಬಂದು ತೀರಿಕೊಂಡ. ನಡುವಿನ 58 ವರ್ಷದಲ್ಲಿ ಈತ ಕೈ ಹಾಕದ ಕೆಲಸವಿಲ್ಲ. ಸೈನ್ಯದಲ್ಲಿ ಪಾದ್ರಿ, ಪತ್ರಿಕೆ ಸಂಪಾದಕ, ವಕೀಲ, ಜಮೀನು ಮಾರುವ ಏಜೆಂಟ್, ಕ್ರಾಂತಿಯ ಪರ ಕರಪತ್ರ ಬರೆಯುವವನು, ಹಡಗಿನ ಸರಕಿನ ವ್ಯಾಪಾರಿ, ಕಾನ್ಸಲ್, ಕೊನೆಗೆ ರಾಯಭಾರಿ.

ಇಷ್ಟೆಲ್ಲದರ ಮಧ್ಯೆ ಪದ್ಯವನ್ನು ಮಾತ್ರ ಬಿಡಲಿಲ್ಲ. ಹೊಸ ದೇಶಕ್ಕೆ ಒಂದು ಮಹಾಕಾವ್ಯ ಕೊಡಬೇಕು ಅನ್ನೋದು ಆತನ ಜೀವಮಾನದ ಆಸೆ. ಕಾವ್ಯವನ್ನೇನೋ ಬರೆದ. ಆದರೆ ಇವತ್ತು ಓದುಗರು ಹುಡುಕಿಕೊಂಡು ಹೋಗುವುದು ಆತ ತಮಾಷೆಗೆ ಬರೆದ ಒಂದು ಪದ್ಯವನ್ನು, ಸಾಯುವ ಮುಂಚೆ ಸಿಟ್ಟಿನಲ್ಲಿ ಬರೆದ ಇನ್ನೊಂದನ್ನು. ಇತಿಹಾಸಕಾರರಂತೂ ಹಿಡಿದುಕೊಂಡಿರುವುದು ಒಂದು ಒಪ್ಪಂದದ ಒಂದು ಕಲಂ. ನನಗೆ ಈತನ ಕಥೆ ಇಷ್ಟವಾಗಿದ್ದೇ ಈ ಕಾರಣಕ್ಕೆ.

ಓದಿದ್ದು ಎಲ್ಲಿ?

ಮೊದಲು ಡಾರ್ಟ್‌ಮತ್‌ನಲ್ಲಿ ಸ್ವಲ್ಪ ಕಾಲ. ಅಷ್ಟರಲ್ಲಿ ಅಪ್ಪ ತೀರಿಹೋದರು. ಆಮೇಲೆ ಯೇಲ್ ಕಾಲೇಜು ಸೇರಿ 1778ರಲ್ಲಿ ಪದವಿ ಮುಗಿಸಿದ. ಓದು ನಡೆಯುತ್ತಿದ್ದಾಗಲೇ ಸ್ವಾತಂತ್ರ್ಯದ ಯುದ್ಧ ಶುರುವಾಯಿತು. 1776ರಲ್ಲಿ ಕಾಲೇಜಿಗೆ ರಜೆ ಇದ್ದಾಗ ಲಾಂಗ್ ಐಲ್ಯಾಂಡ್ ಕದನಕ್ಕೆ ಹೋಗಿ ಬಂದ. ರಜೆಯಲ್ಲಿ ಯುದ್ಧ, ರಜೆ ಮುಗಿದ ಮೇಲೆ ಕ್ಲಾಸು!

ಆತನ ಸಹಪಾಠಿಗಳಲ್ಲಿ ಒಬ್ಬ ನೋವಾ ವೆಬ್‌ಸ್ಟರ್. ಹೌದು, ಡಿಕ್ಷನರಿಯ ವೆಬ್‌ಸ್ಟರ್ ಅವನೇ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. ಪದವಿ ಕೊಡುವ ದಿನ ಬಾರ್ಲೋ ಶಾಂತಿಯ ಬಗ್ಗೆ ತಾನೇ ಬರೆದ ಪದ್ಯ ಓದಿದ. ಜನ ಮೆಚ್ಚಿಕೊಂಡರು. ಮಹಾಕವಿ ಆಗುವ ಹುಚ್ಚು ಹತ್ತಿದ್ದು ಅಲ್ಲಿಂದಲೇ ಇರಬೇಕು.

ಪಾದ್ರಿ ಆಗಿದ್ದ ಅಂತೀರಿ. ಅಷ್ಟು ದೈವಭಕ್ತನಾ?

ಖಂಡಿತ ಇಲ್ಲ. ಹೊಟ್ಟೆಪಾಡು. 1780ರಲ್ಲಿ ಸೈನ್ಯಕ್ಕೆ ಪಾದ್ರಿಗಳು ಬೇಕಾಗಿದ್ದರು. ಕೆಲವೇ ವಾರ ಧರ್ಮಗ್ರಂಥ ಓದಿ ಪರೀಕ್ಷೆ ದಾಟಿ ಕೆಲಸಕ್ಕೆ ಸೇರಿದ. ಯುದ್ಧ ಮುಗಿಯುವವರೆಗೆ ಮ್ಯಾಸಚೂಸೆಟ್ಸ್ ತುಕಡಿಯ ಜೊತೆ ಇದ್ದ. ಜನರಲ್ ಬೆನೆಡಿಕ್ಟ್ ಆರ್ನಲ್ಡ್ ದೇಶಕ್ಕೆ ದ್ರೋಹ ಮಾಡಿ ಬ್ರಿಟಿಷರ ಕಡೆ ಹೋದಾಗ ಅದರ ಮೇಲೆ ಬಾರ್ಲೋ ಕೊಟ್ಟ ಪ್ರವಚನ ಒಳ್ಳೆ ಹೆಸರು ತಂದಿತು. ಕೆಲಸ ಹಗುರ, ಸಂಬಳ ಬರುತ್ತಿತ್ತು, ಪದ್ಯ ಬರೆಯಲು ಪುರುಸೊತ್ತೂ ಇತ್ತು. ಇನ್ನೇನು ಬೇಕು?

ಗುಟ್ಟಾಗಿ ಮದುವೆಯಾದದ್ದು ನಿಜವೇ?

ನಿಜ. ಹುಡುಗಿ ರೂತ್ ಬಾಲ್ಡ್ವಿನ್, ನ್ಯೂ ಹೇವನ್‌ನ ಕಮ್ಮಾರನ ಮಗಳು. ಪದ್ಯ ಬರೆಯುವ, ಕೈಯಲ್ಲಿ ಕಾಸಿಲ್ಲದ ಹುಡುಗನಿಗೆ ಮಗಳನ್ನು ಕೊಡಲು ಅಪ್ಪನಿಗೆ ಮನಸ್ಸಿರಲಿಲ್ಲ. ಇಬ್ಬರೂ 1781ರ ಜನವರಿಯಲ್ಲಿ ಯಾರಿಗೂ ಹೇಳದೆ ಮದುವೆಯಾದರು, ಹಲವು ತಿಂಗಳು ಮುಚ್ಚಿಟ್ಟರು. ರೂತ್‌ಳ ಅಣ್ಣ ಏಬ್ರಹಾಂ ಬಾಲ್ಡ್ವಿನ್ ಬಾರ್ಲೋನ ಗೆಳೆಯ. ಮುಂದೆ ಆತ ಅಮೆರಿಕದ ಸಂವಿಧಾನಕ್ಕೆ ಸಹಿ ಹಾಕಿದವರಲ್ಲಿ ಒಬ್ಬನಾದ, ಜಾರ್ಜಿಯಾದ ಸೆನೆಟರ್ ಕೂಡ ಆದ.

ದಂಪತಿಗೆ ಮಕ್ಕಳಾಗಲಿಲ್ಲ. ಬಾರ್ಲೋ ಬದುಕಿನ ಅರ್ಧದಷ್ಟು ಕಥೆ ನಮಗೆ ಗೊತ್ತಾಗುವುದು ಆತ ದೂರದೂರುಗಳಿಂದ ರೂತ್‌ಗೆ ಬರೆದ ಪತ್ರಗಳಿಂದಲೇ.

ಮಹಾಕಾವ್ಯದಲ್ಲಿ ಇರುವುದಾದರೂ ಏನು?

ಮೊದಲ ಆವೃತ್ತಿ ಬಂದದ್ದು 1787ರಲ್ಲಿ. ಹೆಸರು ‘ದಿ ವಿಷನ್ ಆಫ್ ಕೊಲಂಬಸ್’. ವಯಸ್ಸಾದ ಕೊಲಂಬಸ್ ಸೆರೆಮನೆಯಲ್ಲಿ ಕೂತು ಕೊರಗುತ್ತಿರುತ್ತಾನೆ. ಆಗ ಒಬ್ಬ ದೇವದೂತ ಬಂದು ಅವನನ್ನು ಬೆಟ್ಟದ ತುದಿಗೆ ಕರೆದೊಯ್ಯುತ್ತಾನೆ. ನೀನು ಕಂಡುಹಿಡಿದ ನೆಲದಲ್ಲಿ ಮುಂದೆ ಏನೇನಾಗುತ್ತದೆ ನೋಡು ಅಂತ ಒಂದೊಂದಾಗಿ ತೋರಿಸುತ್ತಾನೆ. ನದಿಗಳು, ಬೆಟ್ಟಗಳು, ಪೆರುವಿನ ಇಂಕಾ ರಾಜರು, ವಲಸೆ ಬಂದವರು, ಸ್ವಾತಂತ್ರ್ಯದ ಯುದ್ಧ, ಕೊನೆಗೆ ಎಲ್ಲ ದೇಶಗಳೂ ಒಂದೆಡೆ ಕೂತು ಮಾತಾಡುವ ಒಂದು ಮಹಾಸಭೆ.

ಕೊನೆಯ ಆ ಸಭೆಯ ಕಲ್ಪನೆ ವಿಶ್ವಸಂಸ್ಥೆಗಿಂತ ಒಂದೂವರೆ ಶತಮಾನ ಹಳೆಯದು. ವಿಚಾರ ಚೆನ್ನಾಗಿದೆ, ಅಲ್ವಾ? ಆದರೆ ಓದಲು ಕೂತರೆ ಕಷ್ಟ. ಕೊಲಂಬಸ್ ನೋಡುತ್ತಾನೆ, ದೇವದೂತ ವಿವರಿಸುತ್ತಾನೆ. ಮತ್ತೆ ನೋಡುತ್ತಾನೆ, ಮತ್ತೆ ವಿವರಣೆ. ನಾಯಕನಿಗೆ ಮಾಡಲು ಏನೂ ಕೆಲಸವಿಲ್ಲ. ಕುಮಾರವ್ಯಾಸನನ್ನು ಓದಿ ಬೆಳೆದವರಿಗೆ ಇದು ಯುದ್ಧದ ಕಾವ್ಯ ಅಂತ ಅನಿಸುವುದೇ ಇಲ್ಲ.

ಆದರೂ ಆಗಿನ ಕಾಲಕ್ಕೆ ಪುಸ್ತಕ ಗೆದ್ದಿತು. ಮುಂಗಡ ಹಣ ಕೊಟ್ಟು ಪ್ರತಿ ಕಾದಿರಿಸಿದವರ ಪಟ್ಟಿಯಲ್ಲಿ ಜಾರ್ಜ್ ವಾಷಿಂಗ್ಟನ್ ಇದ್ದರು, ಫ್ರಾನ್ಸಿನ ರಾಜ 16ನೇ ಲೂಯಿ ಇದ್ದ. ಪುಸ್ತಕದ ಅರ್ಪಣೆಯೂ ಆ ಲೂಯಿಗೇ.

ಕಾವ್ಯದಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಯಾರ್ಕ್‌ಟೌನ್‌ನಲ್ಲಿ ಶರಣಾದ ಪ್ರಸಂಗ ಬರುತ್ತದೆ. 1781ರ ಮಾತು. ಅದೇ ಕಾರ್ನ್‌ವಾಲಿಸ್ 1792ರಲ್ಲಿ ನಮ್ಮ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡವನು. ಅಲ್ಲಿ ಸೋತವನು ಇಲ್ಲಿ ಬಂದು ಗೆದ್ದ.

‘ಹಾರ್ಟ್‌ಫರ್ಡ್ ವಿಟ್ಸ್’ ಅಂದರೆ ಯಾರು?

ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ಊರಿನ ಸುತ್ತ ಇದ್ದ ಬರಹಗಾರರ ಗುಂಪು. ಜಾನ್ ಟ್ರಂಬುಲ್, ತಿಮೊಥಿ ಡ್ವೈಟ್, ಡೇವಿಡ್ ಹಂಫ್ರೀಸ್, ಲೆಮ್ಯುಯೆಲ್ ಹಾಪ್‌ಕಿನ್ಸ್, ಜೊತೆಗೆ ಬಾರ್ಲೋ. ಹೆಚ್ಚಿನವರು ಹಳೆ ಪದ್ಧತಿಯ, ಗಲಾಟೆ ಬೇಡ ಅನ್ನುವ ಮನಸ್ಸಿನವರು. ಬಾರ್ಲೋ ಮುಂದೆ ಪೂರ್ತಿ ಎದುರು ದಿಕ್ಕಿಗೆ ಹೋದ.

ಜಮೀನು ಮಾರಾಟದ ಹಗರಣದಲ್ಲಿ ಬಾರ್ಲೋ ಕೈವಾಡ ಇತ್ತೇ?

ಇದು ಆತನ ಬದುಕಿನ ಅತಿ ಕೆಟ್ಟ ಅಧ್ಯಾಯ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1788ರಲ್ಲಿ ಸಿಯೋಟೋ ಕಂಪನಿ ಎಂಬ ಸಂಸ್ಥೆ ಬಾರ್ಲೋನನ್ನು ಪ್ಯಾರಿಸ್‌ಗೆ ಕಳಿಸಿತು. ಓಹಾಯೋ ನದಿಯ ಬಯಲಿನ ಜಮೀನನ್ನು ಫ್ರೆಂಚರಿಗೆ ಮಾರುವುದು ಕೆಲಸ. ಮರುವರ್ಷವೇ ಫ್ರಾನ್ಸಿನಲ್ಲಿ ಕ್ರಾಂತಿ. ಊರು ಬಿಟ್ಟು ಹೋದರೆ ಸಾಕು ಅನ್ನುತ್ತಿದ್ದ ಜನ ಬೇಕಾದಷ್ಟಿದ್ದರು. ವ್ಯಾಪಾರ ಜೋರಾಯಿತು. ಜಾಹೀರಾತಿನ ಪುಸ್ತಿಕೆಗಳಲ್ಲಿ ಸಕ್ಕರೆ ಸುರಿಸುವ ಮರ, ಮೇಣದಬತ್ತಿ ಕೊಡುವ ಗಿಡ ಎಲ್ಲ ಇದ್ದವು. ಪೂರ್ತಿ ಸುಳ್ಳೂ ಅಲ್ಲ. ಮೇಪಲ್ ಮರದ ರಸದಿಂದ ಸಕ್ಕರೆ ಮಾಡುತ್ತಾರೆ, ಒಂದು ಜಾತಿಯ ಕಾಯಿಯಿಂದ ಮೇಣವೂ ಬರುತ್ತದೆ. ಆದರೆ ಆ ಮೇಣ ತೆಗೆಯುವ ಕಷ್ಟ ಪುಸ್ತಿಕೆಯಲ್ಲಿ ಎಲ್ಲಿ ಬರೆದಾರು?

ಪ್ಯಾರಿಸ್‌ನಲ್ಲಿ ಬಾರ್ಲೋಗೆ ಜೊತೆಯಾದವನು ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವನು. ಇವತ್ತು ನಾವು ಪೇಪರಿನಲ್ಲಿ, ಎಕ್ಸೆಲ್‌ನಲ್ಲಿ ನೋಡುವ ಬಾರ್ ಚಾರ್ಟ್, ಪೈ ಚಾರ್ಟ್ ಇವುಗಳ ಜನಕ ಇವನೇ. ಲೆಕ್ಕವನ್ನು ಚಿತ್ರದಲ್ಲಿ ತೋರಿಸುವುದರಲ್ಲಿ ಪಳಗಿದವನು. ಆದರೆ ಕಂಪನಿಯ ದುಡ್ಡಿನ ಲೆಕ್ಕ ಮಾತ್ರ ಯಾರಿಗೂ ಸರಿಯಾಗಿ ಸಿಗಲಿಲ್ಲ.

1790ರಲ್ಲಿ ನೂರಾರು ಫ್ರೆಂಚರು ಹಡಗು ಹತ್ತಿ ಅಮೆರಿಕಕ್ಕೆ ಬಂದರು. ಗಡಿಯಾರ ರಿಪೇರಿಯವರು, ಅಕ್ಕಸಾಲಿಗಳು, ವಿಗ್ ಮಾಡುವವರು ಇಂಥವರೇ ಜಾಸ್ತಿ. ಕಾಡು ಕಡಿದು ಗೊತ್ತಿದ್ದವರು ಕಡಿಮೆ. ಬಂದು ನೋಡಿದರೆ ಕೈಯಲ್ಲಿರುವ ಪತ್ರಕ್ಕೆ ಬೆಲೆಯೇ ಇಲ್ಲ. ಯಾಕೆಂದರೆ ಆ ಜಮೀನು ಕಂಪನಿಯದ್ದೇ ಅಲ್ಲ! ಕಂಪನಿಯ ಹತ್ತಿರ ಇದ್ದದ್ದು ಮುಂದೆ ಕೊಳ್ಳಬಹುದು ಎಂಬ ಹಕ್ಕು ಮಾತ್ರ. ಅವರು ನೆಲೆ ನಿಂತ ಊರೇ ಗ್ಯಾಲಿಪೊಲಿಸ್, ಅಂದರೆ ಫ್ರೆಂಚರ ಊರು. ಕೊನೆಗೆ 1795ರಲ್ಲಿ ಅಮೆರಿಕದ ಕಾಂಗ್ರೆಸ್ಸೇ ಮನಸ್ಸು ಮಾಡಿ ಅವರಿಗೆ 24,000 ಎಕರೆ ಬೇರೆ ಜಮೀನು ಕೊಟ್ಟಿತು.

ಬಾರ್ಲೋಗೆ ಮೊದಲೇ ಗೊತ್ತಿತ್ತೇ? ಹೆಚ್ಚಿನ ಇತಿಹಾಸಕಾರರು ಇಲ್ಲ ಅನ್ನುತ್ತಾರೆ. ನ್ಯೂಯಾರ್ಕಿನಲ್ಲಿ ಕೂತು ಇಡೀ ಯೋಜನೆ ನಡೆಸಿದವನು ವಿಲಿಯಂ ಡ್ಯೂಯರ್. ಅವನು 1792ರಲ್ಲಿ ದಿವಾಳಿಯೆದ್ದು ಸಾಲಗಾರರ ಜೈಲು ಸೇರಿದ. ಬಾರ್ಲೋ ಈ ವ್ಯವಹಾರದಲ್ಲಿ ಶ್ರೀಮಂತನಾಗಲಿಲ್ಲ, ಕೈ ಖಾಲಿ ಮಾಡಿಕೊಂಡ. ಆದರೂ ನನ್ನ ಲೆಕ್ಕದಲ್ಲಿ ಆತ ಪೂರ್ತಿ ನಿರಪರಾಧಿ ಅಲ್ಲ. ಜಮೀನು ಮಾರುವವನು ಪತ್ರ ನೋಡಬೇಕಿತ್ತು. ಕವಿ ಅನ್ನೋ ನೆಪ ಇಲ್ಲಿ ನಡೆಯುವುದಿಲ್ಲ.

ರಾಜನಿಗೆ ಪುಸ್ತಕ ಅರ್ಪಿಸಿದವನು ರಾಜರ ವಿರುದ್ಧ ಯಾವಾಗ ತಿರುಗಿದ?

ಯುರೋಪಿನಲ್ಲಿ ನಾಲ್ಕು ವರ್ಷ ಇದ್ದದ್ದು ಸಾಕಾಯಿತು. 1790ರ ಹೊತ್ತಿಗೆ ಲಂಡನ್‌ಗೆ ಬಂದ. ಅಲ್ಲಿ ಕ್ರಾಂತಿಯ ಪರ ಬರೆಯುತ್ತಿದ್ದ ಥಾಮಸ್ ಪೇನ್, ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಬರೆದ ಮೇರಿ ವೋಲ್ಸ್ಟನ್‌ಕ್ರಾಫ್ಟ್ ಮುಂತಾದವರ ಒಡನಾಟ. 1792ರಲ್ಲಿ ‘ಅಡ್ವೈಸ್ ಟು ದಿ ಪ್ರಿವಿಲೇಜ್ಡ್ ಆರ್ಡರ್ಸ್’ ಎಂಬ ಪುಸ್ತಕ ಬರೆದ. ಹುಟ್ಟಿನಿಂದ ದೊಡ್ಡವರಾದವರಿಗೆ, ಚರ್ಚಿಗೆ, ಸೈನ್ಯಕ್ಕೆ, ಕೋರ್ಟಿಗೆ, ಎಲ್ಲರಿಗೂ ಅದರಲ್ಲಿ ಬುದ್ಧಿಮಾತು ಇದೆ. ಅದೇ ವರ್ಷ ರಾಜರುಗಳ ಸಂಚಿನ ಬಗ್ಗೆ ಒಂದು ಪದ್ಯ ಬರೆದ, ಫ್ರಾನ್ಸಿನ ಸಭೆಗೆ ಒಂದು ಬಹಿರಂಗ ಪತ್ರವನ್ನೂ ಬರೆದ. ಬ್ರಿಟಿಷ್ ಸರ್ಕಾರ ಕೆಂಗಣ್ಣು ಬಿಟ್ಟಿತು. ಆತ ಫ್ರಾನ್ಸಿಗೆ ಹೋಗಿದ್ದಾಗಲೇ ಲಂಡನ್‌ಗೆ ಮರಳುವ ದಾರಿ ಮುಚ್ಚಿತು. ಇತ್ತ ಫ್ರಾನ್ಸ್ ಖುಷಿಯಾಗಿ 1793ರ ಫೆಬ್ರವರಿಯಲ್ಲಿ ತನ್ನ ಪೌರತ್ವವನ್ನೇ ಕೊಟ್ಟಿತು.

ಅದಕ್ಕೆ ಒಂದು ತಿಂಗಳ ಹಿಂದೆ, ಜನವರಿ 21ರಂದು, ಪುಸ್ತಕ ಅರ್ಪಿಸಿಕೊಂಡ ರಾಜನ ತಲೆ ಉರುಳಿತ್ತು.

ಥಾಮಸ್ ಪೇನ್ ಜೈಲಿಗೆ ಹೋದಾಗ ಹಸ್ತಪ್ರತಿ ಉಳಿಸಿದ್ದು ಇವನೇನಾ?

ಇವನೇ. 1793ರ ಡಿಸೆಂಬರ್ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಪೇನ್‌ನನ್ನು ಹಿಡಿದರು. ಧರ್ಮವನ್ನು ಪ್ರಶ್ನಿಸುವ ‘ದಿ ಏಜ್ ಆಫ್ ರೀಸನ್’ ಪುಸ್ತಕದ ಮೊದಲ ಭಾಗ ಆಗಷ್ಟೇ ಬರೆದು ಮುಗಿದಿತ್ತು. ಜೈಲಿಗೆ ಹೋಗುವ ದಾರಿಯಲ್ಲಿ ಪೇನ್ ಅದನ್ನು ಬಾರ್ಲೋ ಕೈಗೆ ಒಪ್ಪಿಸಿದ. ಬಾರ್ಲೋ ಜೋಪಾನ ಮಾಡಿದ, ಪುಸ್ತಕ ಅಚ್ಚಾಯಿತು. ಪೇನ್‌ನನ್ನು ಬಿಡಿ ಅಂತ ಪ್ಯಾರಿಸ್‌ನಲ್ಲಿದ್ದ ಅಮೆರಿಕನ್ನರು ಕೊಟ್ಟ ಮನವಿಯಲ್ಲೂ ಇವನಿದ್ದ. ತಲೆ ಕಡಿಯುವ ಯಂತ್ರ ಗಿಲೊಟಿನ್ ದಿನಾ ಬೀಳುತ್ತಿದ್ದ ಕಾಲ ಅದು. ಹಾಗೆ ಮುಂದೆ ಬಂದು ನಿಲ್ಲುವುದಕ್ಕೆ ಎದೆ ಬೇಕಿತ್ತು.

ಹಿಟ್ಟಿನ ಮೇಲೆ ಪದ್ಯ ಬರೆದಿದ್ದಾನಂತೆ?

ಬರೆದಿದ್ದಾನೆ. ಬಾರ್ಲೋ ಬಗ್ಗೆ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ ಅನ್ನುತ್ತೇನೆ.

1792ರ ಕೊನೆಗೆ ಆತ ಆಲ್ಪ್ಸ್ ಬೆಟ್ಟಗಳ ಬುಡದ ಸವಾಯ್ ಪ್ರಾಂತ್ಯಕ್ಕೆ ಹೋಗಿದ್ದ. ಫ್ರಾನ್ಸ್ ಆಗಷ್ಟೇ ಅದನ್ನು ಸೇರಿಸಿಕೊಂಡಿತ್ತು. ಅಲ್ಲಿಂದ ಚುನಾವಣೆಗೆ ನಿಂತ, ಸೋತ. ಚಳಿಗಾಲ, ರೂತ್ ದೂರದ ಲಂಡನ್‌ನಲ್ಲಿ, ಕೈಯಲ್ಲಿ ಕೆಲಸ ಇಲ್ಲ. ಶಾಂಬೆರಿ ಊರಿನಲ್ಲಿ ಒಂದು ದಿನ ತಟ್ಟೆಗೆ ಬಂದದ್ದು ಮೆಕ್ಕೆಜೋಳದ ಹಿಟ್ಟಿನಲ್ಲಿ ಮಾಡಿದ ಬಿಸಿ ಬಿಸಿ ಪೊಲೆಂಟಾ. ಅದು ಬಾರ್ಲೋ ಊರಿನ ಬೆಳಗಿನ ತಿಂಡಿಯೇ! ಅವರಲ್ಲಿ ಹೇಸ್ಟಿ ಪುಡಿಂಗ್ ಅನ್ನುತ್ತಾರೆ. ಪ್ಯಾರಿಸ್‌ನಲ್ಲಿ ಹುಡುಕಿ ಸಿಗದಿದ್ದದ್ದು, ಹೊಗೆಯಲ್ಲಿ ಮುಳುಗಿ ಚಹಾದಲ್ಲಿ ನೆನೆದ ಲಂಡನ್‌ನಲ್ಲಿ ಸಿಗದಿದ್ದದ್ದು, ಈ ಬೆಟ್ಟದ ಊರಲ್ಲಿ ಸಿಕ್ಕಿಬಿಟ್ಟಿತು.

ಮಾಡುವ ರೀತಿ ನಮಗೆ ಹೊಸದಲ್ಲ. ನೀರು ಕುದಿಸಿ, ಹಿಟ್ಟು ಉದುರಿಸುತ್ತಾ, ಗಂಟಾಗದ ಹಾಗೆ ತಿರುವುತ್ತಾ ಹೋಗಬೇಕು. ಅಂಬಲಿಗಿಂತ ಗಟ್ಟಿ, ಮುದ್ದೆಗಿಂತ ಸಡಿಲ. ಮೇಲೆ ಹಾಲು ಹಾಕಿಕೊಂಡು ಚಮಚದಲ್ಲಿ ತಿನ್ನುವುದು, ಇಲ್ಲವೇ ಕಾಕಂಬಿ ಸುರಿದುಕೊಳ್ಳುವುದು.

‘ದಿ ಹೇಸ್ಟಿ ಪುಡಿಂಗ್’ ಮೂರು ಭಾಗದ ಪದ್ಯ. ಧಾಟಿ ಮಹಾಕಾವ್ಯದ್ದು, ವಸ್ತು ಮಾತ್ರ ಹಿಟ್ಟು. ಬಿತ್ತನೆ, ಕಳೆ, ಕೊಯ್ಲು, ಬೀಸುವುದು, ಬೇಯಿಸುವುದು, ತಿನ್ನುವುದು ಎಲ್ಲ ಇದೆ. ಜೋಳ ಸುಲಿಯುವ ರಾತ್ರಿಯ ವರ್ಣನೆಯಂತೂ ಬಲು ಚಂದ. ನೆರೆಮನೆಯವರೆಲ್ಲ ಸೇರಿ ಹಾಡುತ್ತಾ ತೆನೆ ಸುಲಿಯುತ್ತಾರೆ. ಹುಡುಗಿಗೆ ಕೆಂಪು ತೆನೆ ಸಿಕ್ಕರೆ ಮುತ್ತು ಕೊಡುವ ಭಾಗ್ಯ ಅವಳ ಮೆಚ್ಚಿನ ಹುಡುಗನಿಗೆ. ಚಮಚದ ಗುಂಡಿ ಎಷ್ಟು ಆಳ ಇರಬೇಕು ಅಂತಲೂ ಸಾಲುಗಳಿವೆ. ತಿನಿಸಿಗೆ ಊರೂರಿಗೆ ಬೇರೆ ಬೇರೆ ಹೆಸರು ಅಂತ ಗೊಣಗಾಟವೂ ಇದೆ. ಪೆನ್ಸಿಲ್ವೇನಿಯಾದವರು ‘ಮಷ್’ ಅನ್ನುತ್ತಾರಂತೆ, ಆತನಿಗೆ ಕೇಳಲೇ ನಾಚಿಕೆ!

ತನ್ನ ಮೂಳೆಗಳೆಲ್ಲ ಆಗಿರುವುದೇ ಜೋಳದಿಂದ ಅಂತ ಒಂದು ಕಡೆ ಹೇಳಿಕೊಳ್ಳುತ್ತಾನೆ. ಮಹಾಕಾವ್ಯದ ಸಾವಿರಾರು ಸಾಲುಗಳಲ್ಲಿ ಸಿಗದ ಬಾರ್ಲೋ ನನಗೆ ಈ ಒಂದು ಸಾಲಿನಲ್ಲಿ ಸಿಕ್ಕಿದ. ಪದ್ಯ ಅಚ್ಚಾದದ್ದು 1796ರಲ್ಲಿ. ಅರ್ಪಣೆ ಈ ಸಲ ರಾಜನಿಗಲ್ಲ, ಜಾರ್ಜ್ ವಾಷಿಂಗ್ಟನ್‌ರ ಹೆಂಡತಿ ಮಾರ್ಥಾ ವಾಷಿಂಗ್ಟನ್‌ಗೆ.

ಹಾಗಾದರೆ ದುಡ್ಡು ಮಾಡಿದ್ದು ಯಾವಾಗ?

1794–95ರಲ್ಲಿ, ಹ್ಯಾಂಬರ್ಗ್ ಹತ್ತಿರ ಆಲ್ಟೋನಾದಲ್ಲಿ ಕೂತು. ಯುದ್ಧದಲ್ಲಿದ್ದ ಫ್ರಾನ್ಸಿಗೆ ಸರಕು ಬೇಕಿತ್ತು, ಯಾರ ಕಡೆಗೂ ಸೇರದ ಅಮೆರಿಕದ ಹಡಗುಗಳಿಗೆ ದಾರಿ ತೆರೆದಿತ್ತು. ಒಂದೆರಡು ವರ್ಷದಲ್ಲಿ ಶ್ರೀಮಂತನಾದ. ಬಡಕವಿ ಅನ್ನೋ ಮಾತು ಆಮೇಲೆ ಅನ್ವಯಿಸುವುದಿಲ್ಲ.

ಅಲ್ಜಿಯರ್ಸ್‌ನಲ್ಲಿ ಏನು ಮಾಡಿದ?

ಜನರನ್ನು ಬಿಡಿಸಿಕೊಂಡು ಬಂದ. ಆತನ ಬದುಕಿನ ಅತಿ ಒಳ್ಳೆಯ ಕೆಲಸ ಇದು ಅಂತ ನನ್ನ ಅಭಿಪ್ರಾಯ.

ಉತ್ತರ ಆಫ್ರಿಕಾದ ಅಲ್ಜಿಯರ್ಸ್, ಟ್ಯೂನಿಸ್, ಟ್ರಿಪೋಲಿ ರಾಜ್ಯಗಳು ಮೆಡಿಟರೇನಿಯನ್ ಸಮುದ್ರದಲ್ಲಿ ಹೋಗುವ ಹಡಗುಗಳನ್ನು ಹಿಡಿದು, ಒತ್ತೆಹಣ ಬರುವ ತನಕ ನಾವಿಕರನ್ನು ಸೆರೆಯಲ್ಲಿ ದುಡಿಸುತ್ತಿದ್ದವು. ಯುರೋಪಿನ ದೇಶಗಳು ಕಪ್ಪ ಕೊಟ್ಟು ಪಾರಾಗುತ್ತಿದ್ದವು. ಸ್ವತಂತ್ರವಾದ ಮೇಲೆ ಅಮೆರಿಕದ ಹಡಗುಗಳಿಗೆ ಬ್ರಿಟನ್ನಿನ ರಕ್ಷಣೆ ತಪ್ಪಿತು. 1785ರಲ್ಲಿ ಎರಡು ಹಡಗು, 1793ರಲ್ಲಿ ಹನ್ನೊಂದು ಹಡಗು ಅಲ್ಜಿಯರ್ಸ್ ಪಾಲಾದವು. ನೂರಕ್ಕೂ ಹೆಚ್ಚು ಮಂದಿ ಸೆರೆ ಸಿಕ್ಕರು.

1795ರ ಸೆಪ್ಟೆಂಬರಿನಲ್ಲಿ ಒಪ್ಪಂದ ಆಯಿತು. ಮೊತ್ತ 6,42,500 ಡಾಲರ್, ಮೇಲೆ ವರ್ಷ ವರ್ಷ ಹಡಗಿನ ಸಾಮಾನು. ಒಪ್ಪಿದ್ದೇನೋ ಸರಿ, ದುಡ್ಡು ಬರಲೇ ಇಲ್ಲ. 1796ರ ಮಾರ್ಚಿನಲ್ಲಿ ಬಾರ್ಲೋ ಕಾನ್ಸಲ್ ಆಗಿ, ಅಂದರೆ ಅಮೆರಿಕದ ಪ್ರತಿನಿಧಿಯಾಗಿ, ಅಲ್ಲಿ ಇಳಿದಾಗ ಅಲ್ಜಿಯರ್ಸ್‌ನ ದೊರೆ, ಅವರ ಮಾತಿನಲ್ಲಿ ಡೇ, ಉರಿದುಬೀಳುತ್ತಿದ್ದ. ಮುಖ ನೋಡಲೂ ಒಪ್ಪಲಿಲ್ಲ. ಎಂಟು ದಿನದಲ್ಲಿ ಜಾಗ ಖಾಲಿ ಮಾಡಿ, ಆಮೇಲೆ ಯುದ್ಧವೇ ಅಂದ. ಬಾರ್ಲೋ ಒಂದು ದಾಳ ಉರುಳಿಸಿದ. ಡೇಯ ಮಗಳಿಗೆ ಅಮೆರಿಕದಲ್ಲಿ ಕಟ್ಟಿಸಿದ ಒಂದು ಯುದ್ಧನೌಕೆ ಉಡುಗೊರೆ ಕೊಡುತ್ತೇವೆ, ಮೂರು ತಿಂಗಳು ಸಮಯ ಕೊಡಿ. ಸರ್ಕಾರವನ್ನು ಕೇಳದೆ ಕೊಟ್ಟ ಮಾತು ಅದು! ಡೇ ಒಪ್ಪಿದ. ಮುಂದೆ ಸರ್ಕಾರ ಗೊಣಗುತ್ತಲೇ ‘ಕ್ರೆಸೆಂಟ್’ ಎಂಬ ಹಡಗು ಕಟ್ಟಿಸಿ ಕಳಿಸಿತು.

ಅಷ್ಟರಲ್ಲಿ ಊರಿಗೆ ಪ್ಲೇಗ್ ಬಂತು. ಸೆರೆಯಾಳುಗಳು ಒಬ್ಬೊಬ್ಬರಾಗಿ ಸಾಯತೊಡಗಿದರು. ಬಾರ್ಲೋ ಓಡಿಹೋಗಬಹುದಿತ್ತು, ಹೋಗಲಿಲ್ಲ. ರೂತ್‌ಗೆ ಒಂದು ಪತ್ರ ಬರೆದಿಟ್ಟ. ನಾನು ಸತ್ತರೆ ಮಾತ್ರ ಇದು ನಿನ್ನ ಕೈ ಸೇರಲಿ, ಆಸ್ತಿಯೆಲ್ಲ ನಿನ್ನದು, ಈ ಜನರನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ ಎಂಬ ಅರ್ಥದ ಪತ್ರ. ಕೊನೆಗೆ ಬಕ್ರಿ ಎಂಬ ಯಹೂದಿ ವ್ಯಾಪಾರಿ ಮನೆತನದಿಂದ ಸಾಲ ಎತ್ತಿ ಹಣ ಕಟ್ಟಿದ. 1796ರ ಜುಲೈನಲ್ಲಿ ಬದುಕಿ ಉಳಿದವರನ್ನು ಹಡಗು ಹತ್ತಿಸಿ ಕಳಿಸಿದ. ಅವರಲ್ಲಿ ಕೆಲವರು ಹನ್ನೊಂದು ವರ್ಷ ಸೆರೆಯಲ್ಲಿದ್ದವರು.

ಟ್ರಿಪೋಲಿ ಒಪ್ಪಂದದ 11ನೇ ಕಲಂ ಬಗ್ಗೆ ಈಗಲೂ ಜಗಳ ಯಾಕೆ?

ಇದು ಅಮೆರಿಕ ಟ್ರಿಪೋಲಿಯ ಜೊತೆ ಮಾಡಿಕೊಂಡ ಶಾಂತಿ ಒಪ್ಪಂದ. ಜಗಳ ಅದರಲ್ಲಿರುವ ಒಂದು ಮಾತಿಗೆ. ಅಮೆರಿಕದ ಸರ್ಕಾರ ಯಾವ ಅರ್ಥದಲ್ಲೂ ಕ್ರೈಸ್ತ ಧರ್ಮದ ಮೇಲೆ ಕಟ್ಟಿದ್ದಲ್ಲ ಅಂತ ಆ ಕಲಂ ಹೇಳುತ್ತದೆ. ಮುಸ್ಲಿಮರ ಧರ್ಮದ ಬಗ್ಗೆ ನಮಗೆ ದ್ವೇಷವಿಲ್ಲ, ಹಾಗಾಗಿ ಧರ್ಮದ ಕಾರಣಕ್ಕೆ ನಮ್ಮ ನಡುವೆ ಜಗಳ ಬರಬಾರದು ಅಂತ ಮಾತು ಮುಂದುವರಿಯುತ್ತದೆ. ಧರ್ಮ ಬೇರೆ, ಸರ್ಕಾರ ಬೇರೆ ಅನ್ನುವವರು ಇವತ್ತಿಗೂ ಮೊದಲು ತೋರಿಸುವ ಸಾಲು ಇದೇ.

ಟ್ರಿಪೋಲಿಗೆ ಹೋಗಿ ಮಾತುಕತೆ ನಡೆಸಿದವನು ರಿಚರ್ಡ್ ಓಬ್ರಯನ್, ಅಲ್ಜಿಯರ್ಸ್‌ನ ಹಳೆ ಸೆರೆಯಾಳು. 1796ರ ನವೆಂಬರಿನಲ್ಲಿ ಸಹಿ ಬಿತ್ತು. ಇಂಗ್ಲಿಷ್ ಪಠ್ಯವನ್ನು ದೃಢೀಕರಿಸಿ ಕಳಿಸಿದವನು ಬಾರ್ಲೋ. 1797ರ ಜೂನ್ 7ರಂದು ಸೆನೆಟ್‌ನಲ್ಲಿ ಮತ ಹಾಕಿದ 23 ಸದಸ್ಯರೂ ಒಪ್ಪಿದರು, ಒಬ್ಬರೂ ವಿರೋಧಿಸಲಿಲ್ಲ. ಅಧ್ಯಕ್ಷ ಜಾನ್ ಆಡಮ್ಸ್ ಸಹಿ ಹಾಕಿದರು.

ಕಥೆಗೆ ಒಂದು ತಿರುವು ಇದೆ. 1930ರಲ್ಲಿ ಹಾಲೆಂಡಿನ ವಿದ್ವಾಂಸ ಸ್ನೌಕ್ ಹುರ್ಗ್ರೋನ್ಯೆ ಅರೇಬಿಕ್ ಪ್ರತಿಯನ್ನು ಓದಿ ನೋಡಿದಾಗ ಅದರಲ್ಲಿ 11ನೇ ಕಲಂ ಇರಲೇ ಇಲ್ಲ! ಆ ಜಾಗದಲ್ಲಿ ಇದ್ದದ್ದು ಬೇರೇನೋ ಪತ್ರ. ಹಾಗಾದರೆ ಈ ಸಾಲು ಬಾರ್ಲೋ ಕೈಯಿಂದಲೇ ಬಂತು ಅಂತ ಹಲವರು ನಂಬುತ್ತಾರೆ. ಪಾದ್ರಿಯಾಗಿ ಶುರುಮಾಡಿ ಪೇನ್‌ನ ಗೆಳೆಯನಾದವನ ಧಾಟಿ ಅದರಲ್ಲಿ ಕೇಳುತ್ತದೆ ಅನ್ನೋದು ನಿಜ. ಯಾರೇ ಬರೆದಿರಲಿ, ಸೆನೆಟ್ ಓದಿ ಒಪ್ಪಿದ್ದು ಆ ಸಾಲಿದ್ದ ಇಂಗ್ಲಿಷ್ ಪಠ್ಯವನ್ನೇ. ಒಪ್ಪಂದ ಮಾತ್ರ ಜಾಸ್ತಿ ದಿನ ಬಾಳಲಿಲ್ಲ. 1801ರಲ್ಲಿ ಟ್ರಿಪೋಲಿ ಯುದ್ಧ ಸಾರಿತು.

ರಾಬರ್ಟ್ ಫುಲ್ಟನ್‌ಗೂ ಬಾರ್ಲೋಗೂ ಏನು ನಂಟು?

ಮನೆಮಗನ ನಂಟು. ಮುಂದೆ ಉಗಿಹಡಗಿನಿಂದ ಹೆಸರಾದ ಫುಲ್ಟನ್ 1797ರಲ್ಲಿ ಪ್ಯಾರಿಸ್‌ಗೆ ಬಂದಾಗ ಚಿತ್ರ ಬರೆಯುವ, ತಲೆ ತುಂಬ ಯಂತ್ರಗಳಿದ್ದ ಯುವಕ. ಬಾರ್ಲೋ ದಂಪತಿ ಅವನನ್ನು ಮನೆಯಲ್ಲೇ ಇಟ್ಟುಕೊಂಡರು. ಸುಮಾರು ಏಳು ವರ್ಷ. ಪ್ರೀತಿಯಿಂದ ‘ಟೂಟ್’ ಅಂತ ಕರೆಯುತ್ತಿದ್ದರು. 1800ರಲ್ಲಿ ಅವನು ನೀರೊಳಗೆ ಮುಳುಗಿಸಿ ನೋಡಿದ ‘ನಾಟಿಲಸ್’ ಜಲಾಂತರ್ಗಾಮಿಗೂ 1803ರಲ್ಲಿ ಸೆನ್ ನದಿಯಲ್ಲಿ ಓಡಿಸಿದ ಉಗಿದೋಣಿಗೂ ಬಾರ್ಲೋನ ಆಸರೆ ಇತ್ತು.

ಕೊನೆಗೆ ಮಹಾಕಾವ್ಯ ಏನಾಯಿತು?

1805ರಲ್ಲಿ, ಹದಿನೇಳು ವರ್ಷದ ಮೇಲೆ, ಬಾರ್ಲೋ ಅಮೆರಿಕಕ್ಕೆ ಮರಳಿದ. ವಾಷಿಂಗ್ಟನ್ ಹತ್ತಿರ ಒಂದು ಬಂಗಲೆ ಕೊಂಡು ‘ಕಲೋರಾಮ’ ಅಂತ ಹೆಸರಿಟ್ಟ. ಗ್ರೀಕಿನಲ್ಲಿ ಒಳ್ಳೆ ನೋಟ ಅಂತ ಅರ್ಥ. ಆ ಭಾಗಕ್ಕೆ ಈಗಲೂ ಅದೇ ಹೆಸರು. ಆಗಿನ ಅಧ್ಯಕ್ಷ ಜೆಫರ್‌ಸನ್ ಮತ್ತು ಮುಂದೆ ಅಧ್ಯಕ್ಷರಾದ ಮ್ಯಾಡಿಸನ್ ಇಬ್ಬರೂ ಗೆಳೆಯರು.

1807ರಲ್ಲಿ ಹಳೆ ಕಾವ್ಯವನ್ನು ಹಿಗ್ಗಿಸಿ, ತಿದ್ದಿ, ‘ದಿ ಕೊಲಂಬಿಯಡ್’ ಅಂತ ಹೊರತಂದ. ಈ ಸಲದ ಅರ್ಪಣೆ ಫುಲ್ಟನ್‌ಗೆ. ದೊಡ್ಡ ಗಾತ್ರ, ಉತ್ತಮ ಕಾಗದ, ಒಳಗೆ ಕೆತ್ತನೆ ಚಿತ್ರಗಳು. ಬೆಲೆ 20 ಡಾಲರ್. ಆಗಿನ ಕಾಲಕ್ಕೆ ಕೂಲಿಯವನಿಗೆ ವಾರಗಟ್ಟಲೆ ದುಡಿಮೆ. ನೋಡಲು ಚಂದ, ಓದಿದವರು ಕಡಿಮೆ. ‘ಎಡಿನ್‌ಬರೋ ರಿವ್ಯೂ’ ಪತ್ರಿಕೆ ಚೆನ್ನಾಗಿಯೇ ಚುಚ್ಚಿತು. ಊರಲ್ಲಿ ಹಳೆ ಗೆಳೆಯರು ದೇವರನ್ನು ಬಿಟ್ಟವನು ಅಂತ ದೂರವಾದರು. ಸಹಪಾಠಿ ವೆಬ್‌ಸ್ಟರ್, ನಿನ್ನ ನಾಸ್ತಿಕತೆಯಿಂದಾಗಿ ಈ ಪುಸ್ತಕದ ವಿಮರ್ಶೆ ಬರೆಯಲಾರೆ ಅಂತ ಕಾಗದ ಹಾಕಿದ.

ಒಂದು ಭಾಗಕ್ಕೆ ಮಾತ್ರ ಇವತ್ತಿಗೂ ಕಾವು ಇದೆ. ಆಫ್ರಿಕಾದ ಕಾವಲುಗಾರ ಅಟ್ಲಾಸ್ ಎದ್ದು ನಿಂತು ಅಮೆರಿಕವನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಸ್ವಾತಂತ್ರ್ಯ ಅಂತ ಕೂಗುತ್ತೀರಿ, ನನ್ನ ಮಕ್ಕಳನ್ನು ಸಂಕೋಲೆಯಲ್ಲಿ ಇಟ್ಟಿದ್ದೀರಿ ಅನ್ನೋದು ಆ ಮಾತಿನ ಸಾರ. ಅಲ್ಜಿಯರ್ಸ್‌ನಲ್ಲಿ ಸಂಕೋಲೆ ತೊಟ್ಟ ಅಮೆರಿಕನ್ನರನ್ನು ಕಣ್ಣಾರೆ ನೋಡಿದವನು ಬರೆದ ಸಾಲುಗಳು ಅಂತ ಗೊತ್ತಿದ್ದು ಓದಿದರೆ ಇನ್ನೂ ತಟ್ಟುತ್ತದೆ.

ನೆಪೋಲಿಯನ್‌ನ ರಷ್ಯಾ ಯುದ್ಧದ ಮಧ್ಯೆ ಈತ ಯಾಕೆ ಹೋದ?

1811ರಲ್ಲಿ ಅಧ್ಯಕ್ಷ ಮ್ಯಾಡಿಸನ್ ಬಾರ್ಲೋನನ್ನು ಫ್ರಾನ್ಸಿಗೆ ರಾಯಭಾರಿಯಾಗಿ ಕಳಿಸಿದರು. ನೆಪೋಲಿಯನ್ ಹಿಡಿದಿಟ್ಟ ಅಮೆರಿಕದ ಹಡಗುಗಳಿಗೆ ಪರಿಹಾರ ಬೇಕು, ವ್ಯಾಪಾರದ ಒಪ್ಪಂದ ಬೇಕು. ವಿದೇಶಾಂಗ ಮಂತ್ರಿ ಬಸ್ಸಾನೋ ಡ್ಯೂಕ್ ಇವತ್ತು ನಾಳೆ ಅಂತ ಅಲೆಸಿದ. ಅಮೆರಿಕದ ಹಡಗುಗಳ ಮೇಲಿನ ನಿರ್ಬಂಧವನ್ನು ಫ್ರಾನ್ಸ್ ತೆಗೆದಿದೆ ಅನ್ನೋದಕ್ಕೆ ದಾಖಲೆ ಎಲ್ಲಿ ಅಂತ ಬಾರ್ಲೋ ಪಟ್ಟು ಹಿಡಿದಾಗ, 1812ರ ಮೇ ತಿಂಗಳಲ್ಲಿ ಒಂದು ಆಜ್ಞೆ ತೆಗೆದು ತೋರಿಸಿದ. ತಾರೀಕು 1811ರ ಏಪ್ರಿಲ್ 28! ಒಂದು ವರ್ಷ ಯಾರ ಕಣ್ಣಿಗೂ ಬೀಳದ ಆಜ್ಞೆ. ಹಳೆ ತಾರೀಕು ಹಾಕಿ ಆಗಷ್ಟೇ ಬರೆದದ್ದು ಅಂತ ಇತಿಹಾಸಕಾರರ ಅಂದಾಜು.

ಅದೇ ಆಜ್ಞೆಯ ಆಧಾರ ಹೇಳಿ ಬ್ರಿಟನ್ ಜೂನ್ 23ರಂದು ತನ್ನ ನಿರ್ಬಂಧಗಳನ್ನು ಸಡಿಲಿಸಿತು. ಆದರೆ ಐದು ದಿನ ಮುಂಚೆ, ಜೂನ್ 18ಕ್ಕೆ, ಅಮೆರಿಕ ಬ್ರಿಟನ್ ಮೇಲೆ ಯುದ್ಧ ಸಾರಿಯಾಗಿತ್ತು. ಸುದ್ದಿ ಹಡಗಿನಲ್ಲಿ ಹೋಗುತ್ತಿದ್ದ ಕಾಲ, ಏನು ಮಾಡುವುದು?

ಅಕ್ಟೋಬರಿನಲ್ಲಿ ಬಸ್ಸಾನೋ, ವಿಲ್ನಾಕ್ಕೆ ಬನ್ನಿ, ಅಲ್ಲೇ ಒಪ್ಪಂದ ಮುಗಿಸೋಣ ಅಂತ ಕರೆದ. ಈಗಿನ ಲಿಥುವೇನಿಯಾದ ವಿಲ್ನಿಯಸ್ ಅದು. 58 ವರ್ಷದ ಬಾರ್ಲೋ ಅಣ್ಣನ ಮಗ ಥಾಮಸ್‌ನನ್ನು ಕರೆದುಕೊಂಡು ಗಾಡಿ ಹತ್ತಿದ. ದಾರಿಯುದ್ದಕ್ಕೂ ಸುಟ್ಟ ಹಳ್ಳಿಗಳು, ಸತ್ತ ಕುದುರೆಗಳು. ನವೆಂಬರ್ 18ಕ್ಕೆ ವಿಲ್ನಾ ಮುಟ್ಟಿದ. ಅಲ್ಲಿ ನೆಪೋಲಿಯನ್ ಇರಲಿಲ್ಲ. ಜೂನ್‌ನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರೊಂದಿಗೆ ಹೊರಟ ಸೈನ್ಯ ಮಾಸ್ಕೋದಿಂದ ಹಿಮದಲ್ಲಿ ಬೀಳುತ್ತಾ ಏಳುತ್ತಾ ವಾಪಸ್ ಬರುತ್ತಿತ್ತು. ಡಿಸೆಂಬರ್ 5ರಂದು ನೆಪೋಲಿಯನ್ ಅವರನ್ನು ಬಿಟ್ಟು, ಜಾರುಬಂಡಿ ಹತ್ತಿ ಪ್ಯಾರಿಸ್‌ಗೆ ಓಡಿದ. ಬಾರ್ಲೋಗೆ ಭೇಟಿಯೂ ಆಗಲಿಲ್ಲ, ಒಪ್ಪಂದವೂ ಆಗಲಿಲ್ಲ.

ಕಾಗೆಗೆ ಬುದ್ಧಿ ಹೇಳಿದ ಪದ್ಯ ಯಾವುದು?

‘ಅಡ್ವೈಸ್ ಟು ಎ ರೇವನ್ ಇನ್ ರಷ್ಯಾ’. ಆ ಡಿಸೆಂಬರಿನಲ್ಲೇ ಬರೆದದ್ದು, ಆತನ ಕೊನೆಯ ಪದ್ಯ. ಕಾಡುಕಾಗೆಯೊಂದಕ್ಕೆ ಕವಿ ಹೇಳುತ್ತಾನೆ: ಇಲ್ಲಿ ಯಾಕೆ ಇದ್ದೀಯ? ಹೆಣ ಬೇಕಾದಷ್ಟಿದೆ, ಆದರೆ ಎಲ್ಲ ಮಂಜುಗಡ್ಡೆ. ಕಣ್ಣು ಕುಕ್ಕಲು ಹೋದರೆ ಕಲ್ಲು. ದಕ್ಷಿಣಕ್ಕೆ ಹಾರು, ನೆಪೋಲಿಯನ್ ಎಲ್ಲ ಕಡೆಯೂ ನಿನಗೆ ಮೃದುವಾದ ಊಟ ಬಡಿಸಿದ್ದಾನೆ.

ತಣ್ಣಗಿನ ಸಿಟ್ಟು. ದೇವದೂತ ಇಲ್ಲ, ಬೆಟ್ಟದ ತುದಿ ಇಲ್ಲ, ಭವಿಷ್ಯದ ಕನಸಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದಿದ್ದಾನೆ. ಪ್ರಗತಿ, ಶಾಂತಿ ಅಂತ ಬದುಕೆಲ್ಲ ಹಾಡಿದವನು ಈ ಪದ್ಯದ ಕೊನೆಗೆ ಬರುವಾಗ ಭೂಮಿಯ ಜನ ಎದ್ದು ಆ ಒಬ್ಬನನ್ನು ಕೆಳಗಿಳಿಸಲಿ ಅಂತ ಬೇಡುತ್ತಾನೆ.

ಸಮಾಧಿ ಎಲ್ಲಿದೆ? ರೂತ್ ಏನಾದಳು?

ವಿಲ್ನಾದಿಂದ ವಾರ್ಸಾ, ಅಲ್ಲಿಂದ ಕ್ರಾಕೋವ್ ಕಡೆ ಹೊರಟಿದ್ದ. ದಾರಿಯಲ್ಲಿ ಜ್ವರ ಏರಿ ಝಾರ್ನೋವಿಯೆಟ್ಸ್ ಎಂಬ ಊರಲ್ಲಿ ನಿಲ್ಲಬೇಕಾಯಿತು. ಊರಿನ ಮೇಯರ್ ಮನೆಯಲ್ಲಿ ಮಲಗಿದವನು ಮತ್ತೆ ಏಳಲಿಲ್ಲ. ಅಲ್ಲೇ ಮಣ್ಣು ಮಾಡಿದರು. ಚರ್ಚಿನ ಗೋಡೆಯಲ್ಲಿ ಲ್ಯಾಟಿನ್ ಭಾಷೆಯ ಫಲಕವಿದೆ. ಅಮೆರಿಕದ ರಾಯಭಾರಿ, ಪ್ರಯಾಣದಲ್ಲಿ ಇಲ್ಲಿ ತೀರಿಕೊಂಡ ಅಂತ ಅದರಲ್ಲಿ ಬರೆದಿದೆ.

ರೂತ್ ಆಗ ಪ್ಯಾರಿಸ್‌ನಲ್ಲಿದ್ದಳು. ಆಮೇಲೆ ಕಲೋರಾಮಕ್ಕೆ ಮರಳಿ 1818ರಲ್ಲಿ ತೀರಿಕೊಂಡಳು.

ಬಾರ್ಲೋನನ್ನು ಓದಬೇಕು ಅಂದರೆ ಎಲ್ಲಿಂದ ಶುರುಮಾಡಲಿ?

ಹಿಟ್ಟಿನ ಪದ್ಯದಿಂದ. ಒಂದು ಸಂಜೆಗೆ ಮುಗಿಯುತ್ತದೆ. ಮರುದಿನ ಕಾಗೆಯ ಪದ್ಯ. ಎರಡರ ಹಕ್ಕುಸ್ವಾಮ್ಯವೂ ಎಂದೋ ಮುಗಿದಿದೆ, ದುಡ್ಡು ಕೊಡಬೇಕಿಲ್ಲ. ‘ಕೊಲಂಬಿಯಡ್’ ಓದಲೇಬೇಕು ಅನಿಸಿದರೆ ಎಂಟನೇ ಭಾಗದ ಅಟ್ಲಾಸ್‌ನ ಮಾತು ಓದಿ. ಮಿಕ್ಕಿದ್ದನ್ನು ಸುಮ್ನೆ ತಿರುವಿ ಹಾಕಿದರೆ ಸಾಕು.